ಬಸ್ ಸ್ಟ್ಯಾಂಡ್ ಬೆಂಚಿನಿಂದ: ಗಬ್ಬರ್ ಬಂಡೆ, ಅತ್ತೆಯ ಮಂಡಿ

ಓದುಗ ಗೆಳೆಯರೇ, ಈ ವಾರ ತಾರೆಯರ ಸುದ್ದಿ ಇಲ್ಲ, ಗಾಸಿಪ್ಪೂ ಇಲ್ಲ. ಬೇಜಾರು ಮಾಡ್ಕೋಬೇಡಿ. ‘ಶೋಲೆ’ ಇದೆ, ಇಟಲಿ ಇದೆ, ಒಳ್ಳೇ ಜಗಳವೂ ಒಂದಿದೆ. ಹೀರೋ ನನ್ನ ಸೋದರಮಾವ. ಹೀರೋಯಿನ್ ನಮ್ಮತ್ತೆ. ವಿಲನ್ ಯಾರು ಅನ್ನೋದು ಮಾತ್ರ ಕಡೇ ರೀಲಿನವರೆಗೂ ನನಗೇ ಗೊತ್ತಾಗಲಿಲ್ಲ.

ಮಾವ ಪ್ರೈವೇಟ್ ಬಸ್ ಕಂಡಕ್ಟರ್. ರಾಮನಗರ–ಮಾಗಡಿ, ರಾಮನಗರ–ಕನಕಪುರ, ಈ ಎರಡು ರೂಟಿನಲ್ಲಿ ಮೂವತ್ತೈದು ವರ್ಷ ‘ರೈಟ್... ರೈಟ್’ ಅಂದವನು. ಕಳೆದ ವರ್ಷ ಚರ್ಮದ ಬ್ಯಾಗು ಮೊಳೆಗೆ ನೇತುಹಾಕಿ ಮನೆಯಲ್ಲಿ ಕೂತ. ಪಿಂಚಣಿ-ಗಿಂಚಣಿ ಇಲ್ಲ. ಚೀಟಿ ಎತ್ತಿದ ನಲವತ್ತು ಸಾವಿರ ರೂಪಾಯಿ ಇದೆ, ನಾಲ್ಕು ಗಂಟೆಗೇ ಎಚ್ಚರವಾಗೋ ಅಭ್ಯಾಸ ಇದೆ. ಪಿಯುಸಿ ಅರ್ಧಕ್ಕೆ ಬಿಟ್ಟು ಅಲೆಯುತ್ತಿದ್ದ ನನ್ನನ್ನು ಮನೆಗೆ ಸೇರಿಸಿಕೊಂಡು ಅನ್ನ ಹಾಕಿದವನು ಅವನೇ. ಆದ್ದರಿಂದ ಅವನು ಕೇಳಿದ್ದಕ್ಕೆ ನಾನು ‘ಇಲ್ಲ’ ಅನ್ನೋ ಹಾಗಿಲ್ಲ.

ಕೇಳಿದ್ದೇನು ಗೊತ್ತಾ? ಇಟಲಿ!

ತಪ್ಪು ನನ್ನದೇ. ‘ಶೋಲೆ’ಗೆ ಐವತ್ತು ತುಂಬಿದ 2025ರಲ್ಲಿ ಆ ಚಿತ್ರವನ್ನು ಹೊಸದಾಗಿ ತೊಳೆದು-ಬಳಿದು ಇಟಲಿಯ ಬೊಲೋನಾ ಊರಿನಲ್ಲಿ ತೋರಿಸಿದರು. ಜೂನ್ 27ರ ರಾತ್ರಿ, ಪಿಯಾಝಾ ಮಜ್ಜೋರೆ ಅನ್ನೋ ಹಳೇ ಚೌಕದಲ್ಲಿ, ಬಯಲಲ್ಲೇ ಪರದೆ ಕಟ್ಟಿ. ನಮ್ಮ ಜಾತ್ರೆ ಟೆಂಟಿನ ಹಾಗೇ ಅನ್ನಿ, ಟೆಂಟ್ ಇಲ್ಲ ಅಷ್ಟೇ. 1975ರಲ್ಲಿ ಸೆನ್ಸಾರಿನವರು ಬದಲಾಯಿಸಿದ್ದ ಕ್ಲೈಮ್ಯಾಕ್ಸ್ ಕೂಡ ವಾಪಸ್ ಬಂತು. ಠಾಕೂರ್ ಮೊಳೆ ಬೂಟಿನಿಂದಲೇ ಗಬ್ಬರ್‌ನನ್ನು ಮುಗಿಸ್ತಾನೆ, ಪೊಲೀಸರು ಅಡ್ಡ ಬರಲ್ಲ. ಈ ಸಂಗತಿಯನ್ನು ನಾನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಮಾವ ತುತ್ತು ಕೈಯಲ್ಲೇ ಹಿಡಿದು ಕೇಳಿದ: “ಅಲ್ಲಯ್ಯಾ, ಇಟಲಿ ಜನ ಕೂತ್ಕೊಂಡು ನಮ್ಮ ಬಂಡೆ ನೋಡ್ತಾರೆ. ನಾವು ಹೋಗಿ ಅವರ ಊರು ನೋಡಬಾರ್ದಾ? ನಾಲ್ಕು ಊರು, ನಾಲ್ಕು ಹಳ್ಳಿ. ಬಸ್ಸಲ್ಲೇ ಸುತ್ತೋಣ.”

ವಿಚಾರಿಸಿದೆ. ವೀಸಾ ಫೀಸೇ ತಲೆಗೆ 90 ಯೂರೋ. ಕಾಯಿಲೆ-ಕಸಾಲೆಗೆ 30 ಸಾವಿರ ಯೂರೋ ಮೊತ್ತದ ವಿಮೆ ಮಾಡಿಸಲೇಬೇಕು. ಪಾಸ್‌ಪೋರ್ಟು ಇಬ್ಬರಿಗೂ ಇಲ್ಲ. ಚೀಟಿ ದುಡ್ಡಿಗೆ ವಿಮಾನದ ರೆಕ್ಕೆ ಮೇಲೂ ಸೀಟು ಸಿಗೋ ಹಾಗಿರಲಿಲ್ಲ. ಮಾವನ ಮುಖ ಇಂಟರ್ವಲ್‌ನಲ್ಲಿ ಕರೆಂಟು ಹೋದ ಥಿಯೇಟರ್ ಆಯಿತು.

ಆಗ ಅತ್ತೆ ಒಳಗಿನಿಂದಲೇ ಒಂದು ಮಾತು ಹಾಕಿದಳು. “1989ರಲ್ಲಿ ಮದುವೆಯಾದ ವಾರ ಸಂಗಮ ತೋರಿಸ್ತೀನಿ ಅಂದಿದ್ರಿ. ಮೊದಲು ಅದು ತೋರಿಸಿ.”

ಮೂವತ್ತೈದು ವರ್ಷ ದಿನಾ ಕನಕಪುರಕ್ಕೆ ಹೋಗಿ ಬಂದವನು! ಕನಕಪುರದಿಂದ ಸಂಗಮ ಎಷ್ಟು ದೂರ? ಮೂವತ್ತೈದು, ಮೂವತ್ತೆಂಟು ಕಿಲೋಮೀಟರ್. ಅತ್ತೆ ಒಂದೇ ಸಲ ಅವನ ಬಸ್ ಹತ್ತಿದ್ದಳಂತೆ, ಅದಕ್ಕೂ ಟಿಕೆಟ್ ಹರಿದುಕೊಟ್ಟ ಪುಣ್ಯಾತ್ಮ. “ಧಣಿಗೆ ಲೆಕ್ಕ ಕೊಡಬೇಕಲ್ಲ, ನನ್ನ ಜೇಬಿಂದಾನೇ ಹಾಕಿದ್ದೆ” ಅಂತಾನೆ. ಇರಬಹುದು. ಅತ್ತೆಗೆ ನೆನಪಿರೋದು ಟಿಕೆಟ್ ಮಾತ್ರ.

ಅವಳಿಗೆ ಸಂಗಮವೇ ಯಾಕೆ ಬೇಕು ಅಂತ ನಾನು ಕೇಳಿದೆ. ಅವಳ ಮನೆ ಹಿಂದೆ ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಅಣೆಕಟ್ಟು ದಾಟಿ, ರಾಮನಗರ, ಕನಕಪುರ ಹಾಯ್ದು ಸಂಗಮದಲ್ಲಿ ಕಾವೇರಿಗೆ ಸೇರುವ ನದಿ. ಮದುವೆಯಾಗಿ ಬಂದಾಗ ಅದರಲ್ಲಿ ಬಟ್ಟೆ ಒಗೀತಿದ್ದಳು. ಈಗ ಮೂಗು ಮುಚ್ಚಿಕೊಂಡು ಕಿಟಕಿ ಹಾಕಬೇಕು. “ಇದು ಎಲ್ಲಿಗೆ ಹೋಗಿ ಮುಗಿಯುತ್ತೋ ಒಂದ್ಸಲ ನೋಡ್ಬೇಕು” ಅಂದಳು. ಇನ್ನೊಂದು ವಿಷಯ ಅವಳು ಹೇಳಲಿಲ್ಲ, ನನಗೆ ಗೊತ್ತು. ಯುಗಾದಿ ಆದ ಮೇಲೆ ಅವಳ ಎರಡೂ ಮಂಡಿ ಆಪರೇಷನ್. ಆ ಭಯ ಮನಸ್ಸಿನಲ್ಲಿ ಕೂತಿದೆ.

ಮಾವನಿಗೆ ಜೀವ ಬಂತು. ರಾತ್ರಿಯೆಲ್ಲಾ ಕೂತು ಟ್ರಿಪ್ ಶೀಟ್ ಬರೆದ. ಗೆಳೆಯರೇ, ನೋಡಬೇಕಿತ್ತು ಆ ಶೀಟು! ಮೂರು ದಿನ, ಹನ್ನೊಂದು ಸ್ಟಾಪು. ರಾಮದೇವರ ಬೆಟ್ಟ, ರೇಷ್ಮೆಗೂಡಿನ ಮಾರುಕಟ್ಟೆ, ಜಾನಪದ ಲೋಕ, ಕೆಂಗಲ್ ಆಂಜನೇಯ, ಚನ್ನಪಟ್ಟಣದ ಬೊಂಬೆ, ಕಣ್ವ ಡ್ಯಾಮು, ಕಬ್ಬಾಳಮ್ಮ, ಚುಂಚಿ ಫಾಲ್ಸು, ಸಾವನದುರ್ಗ, ಮಂಚನಬೆಲೆ, ಕಡೆಗೆ ಸಂಗಮ-ಮೇಕೆದಾಟು. ಒಂದೊಂದಕ್ಕೂ ಆಗಮನ, ನಿರ್ಗಮನ. ಸಾವನದುರ್ಗಕ್ಕೆ ನಲವತ್ತು ನಿಮಿಷ! 1791ರಲ್ಲಿ ಕಾರ್ನ್‌ವಾಲಿಸ್ ಫಿರಂಗಿ ತಂದು ಹಿಡಿದ ಕೋಟೆ, 1226 ಮೀಟರ್ ಎತ್ತರದ ಏಕಶಿಲೆ, ಮಾವನಿಗೆ ನಲವತ್ತು ನಿಮಿಷ.

ಅತ್ತೆ ಶೀಟು ನೋಡಿ ಏನೂ ಅನ್ನಲಿಲ್ಲ. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದಳು. ಮಾವ ಅದನ್ನೇ ಒಪ್ಪಿಗೆ ಅಂದುಕೊಂಡ. ನಾನೂ ಅಂದುಕೊಂಡೆ, ಯಾಕೆಂದರೆ ಮೊದಲ ಸ್ಟಾಪು ನನ್ನ ಇಷ್ಟದ್ದು.

“ರಿಹರ್ಸಲ್ ಮಾಡೋಣ ಮಾವ” ಅಂತ ಒಂದು ಬೆಳಿಗ್ಗೆ ಅವನನ್ನು ರಾಮದೇವರ ಬೆಟ್ಟಕ್ಕೆ ಕರೆದುಕೊಂಡು ಹೋದೆ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ಇಲ್ಲಿ ಶೂಟಿಂಗ್ ಶುರು ಮಾಡಿದಾಗ ಮಾವನಿಗೆ ಒಂಬತ್ತು ವರ್ಷ. ಊರಿನ ಎಷ್ಟೋ ಜನ ಗುಂಪಿನ ದೃಶ್ಯಗಳಲ್ಲಿ ನಿಂತಿದ್ದಾರೆ. ಮಾವ ಕಂಡದ್ದು ಮಾತ್ರ ದೂರದಿಂದ ಕಣ್ಣು ಕುಕ್ಕೋ ರಿಫ್ಲೆಕ್ಟರು, ಧೂಳು, ಒಂದು ಬಿಳೀ ಕುದುರೆ. ಆ ಕುದುರೆಯ ಕಥೆ ನಾನು ಇನ್ನೂರು ಸಲ ಕೇಳಿದ್ದೇನೆ.

ಈಗ ಅಲ್ಲಿ ರಾಮಗಢದ ಒಂದು ಗೋಡೆಯೂ ಇಲ್ಲ. ಕಲಾ ನಿರ್ದೇಶಕ ರಾಮ್ ಯಡೇಕರ್ ಕಟ್ಟಿಸಿದ ಆ ಹಳ್ಳಿಯೇ ಸೆಟ್ಟು, ಆಮೇಲೆ ಬಿಚ್ಚಿದರು. ರೈಲು ಫೈಟಿಂಗ್ ಹುಡುಕಿಕೊಂಡು ಬರೋ ಹುಡುಗರಿಗೆ ಒಂದು ಮಾತು: ಅದು ತೆಗೆದದ್ದು ಮುಂಬಯಿ ಕಡೆ, ಪನ್ವೇಲ್ ಲೈನಿನಲ್ಲಿ. ಇಲ್ಲಿ ಉಳಿದಿರೋದು ಬಂಡೆ, ಗಾಳಿ. ಜೊತೆಗೆ ರಣಹದ್ದು, 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ಧಾಮ ಅಂತ ಘೋಷಿಸಿದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ ಸತ್ತ ದನದ ಮಾಂಸದಿಂದ ಹದ್ದುಗಳ ಹೊಟ್ಟೆ ಸೇರಿ ದೇಶದಾದ್ಯಂತ ಅವನ್ನು ಮುಗಿಸಿಬಿಟ್ಟಿತ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡೋದು ನಿಷೇಧವಾಯಿತು.

ಮೆಟ್ಟಿಲು ಅರ್ಧ ಹತ್ತೋ ಹೊತ್ತಿಗೆ ಮಾವ ಕೂತುಬಿಟ್ಟ. ಎದೆ ಹಿಡಿದುಕೊಂಡು ಏದುಸಿರು. ಬೆವರು. ನಾನು ಹೆದರಿ ನೀರು ಕುಡಿಸಿದೆ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಹೇಳಿದ: “ನಿಮ್ಮತ್ತೆಗೆ ಹೇಳ್ಬೇಡ. ಅವಳ ಮಂಡಿ ಲೆಕ್ಕ ಹಾಕಿದ್ದೆ, ನನ್ನ ಎದೆ ಲೆಕ್ಕ ಹಾಕಿರ್ಲಿಲ್ಲ.”

ಕೂತಲ್ಲೇ ನಾನು ಅವನಿಗೆ ಎರಡು ವಿಷಯ ಹೇಳಿದೆ. ಒಂದು, ‘ಶೋಲೆ’ ನಟರು ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚಿ ಕಟ್ಟಲಿಲ್ಲ. ಬೆಂಗಳೂರಿನಲ್ಲಿ ಉಳಿದು ದಿನಾ ಬೆಳಿಗ್ಗೆ ಇಲ್ಲಿಗೆ ಬರುತ್ತಿದ್ದರು. ಎರಡು, ಇಟಲಿಯ ಹಳ್ಳಿ ನೋಡೋ ವಯಸ್ಸಾದವರೂ ಹೀಗೇ ಮಾಡಬಹುದು. ಅಲ್ಲಿ ಅಗ್ರಿಟೂರಿಸ್ಮೋ ಅಂತ ಇದೆ, ರೈತನ ತೋಟದ ಮನೆಯಲ್ಲೇ ರೂಮು, ಅವನೇ ಬೆಳೆದದ್ದರ ಊಟ. 1985ರಲ್ಲೇ ಅದಕ್ಕೆ ಕಾನೂನು ಮಾಡಿದ್ದಾರೆ. ಒಂದು ಕಡೆ ನಾಲ್ಕು ದಿನ ಉಳಿದು ಸುತ್ತಮುತ್ತ ನೋಡಿ ಬರಬಹುದು. (ಇಟಲಿಯವರ ಮೇಲೆ ‘ಶೋಲೆ’ಗೆ ಹಳೇ ಸಾಲವೂ ಇದೆ. ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲೋ ದೃಶ್ಯಕ್ಕೆ ಸ್ಫೂರ್ತಿ ಸರ್ಜಿಯೋ ಲಿಯೋನೆಯ 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’. ಆ ಇಟಲಿಯವನು ಅಮೆರಿಕದ ಕಥೆಗೆ ಸ್ಪೇನಿನ ಗುಡ್ಡ ಹುಡುಕಿದ, ಮುಂಬಯಿಯವರು ಉತ್ತರದ ಡಕಾಯಿತರಿಗೆ ನಮ್ಮೂರ ಬಂಡೆ ಹುಡುಕಿದರು.)

“ಸರಿ ಹಾಗಾದ್ರೆ, ನಮ್ಮ ಷಡ್ಡಕನ ರೇಷ್ಮೆ ತೋಟ ಇದೆಯಲ್ಲ, ಅಲ್ಲೇ ಉಳಿಯೋಣ” ಅಂದ ಮಾವ. ಖರ್ಚೂ ಇಲ್ಲ! ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ ಸಿಡಿದಳು. “ನೆಂಟರ ಮನೆ ಅಂದ್ರೆ ಅಲ್ಲೂ ಒಲೆ ಮುಂದೆ ನಾನೇ. ಹನ್ನೊಂದು ಊರು ಸುತ್ತಿಸಿ, ಅಲ್ಲೂ ಸಾರು ಮಾಡಿಸ್ತೀರಾ? ನಾನು ಒಂದ್ಸಲ, ಇನ್ನೊಬ್ಬರು ಮಾಡಿದ್ದು ತಿಂದು, ತಟ್ಟೆ ಅಲ್ಲೇ ಬಿಟ್ಟು ಏಳ್ಬೇಕು. ಅಷ್ಟೇ.” ಮಾವ ಎರಡು ದಿನ ಮಾತಾಡಲಿಲ್ಲ. ಅವಳೂ ಆಡಲಿಲ್ಲ. ನಡುವೆ ನಾನು, ಪೋಸ್ಟ್‌ಮ್ಯಾನ್.

ಮೂರನೇ ದಿನ ಹೊಸ ಶೀಟು ಬರೆದದ್ದು ನಾನು, ಬರೆಸಿದ್ದು ಅತ್ತೆ. ಕೂಡಿಸಿದ್ದಕ್ಕಿಂತ ಹೊಡೆದುಹಾಕಿದ್ದೇ ಜಾಸ್ತಿ. ಆರು ದಿನ, ಐದು ರಾತ್ರಿ, ಎಲ್ಲಾ ಲಾಡ್ಜು. ಶನಿವಾರ-ಭಾನುವಾರ ಬೆಂಗಳೂರಿನ ಕಾರುಗಳು ಮುತ್ತೋದರಿಂದ ಹೊರಡೋದು ಸೋಮವಾರ. ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಏರೋ ಮುಂಚೆ.

ಮೊದಲು ಮಾಗಡಿ, ಎರಡು ರಾತ್ರಿ. ಊರಲ್ಲೇ ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥಸ್ವಾಮಿ. ಮಾರನೇ ದಿನ 12 ಕಿ.ಮೀ. ಆಸುಪಾಸಿನ ಸಾವನದುರ್ಗಕ್ಕೆ ಆಟೋ. ಹತ್ತೋದಿಲ್ಲ, ಬುಡದಲ್ಲಿ ವೀರಭದ್ರ ಮತ್ತು ನರಸಿಂಹಸ್ವಾಮಿ ಗುಡಿ ಇವೆ, ಅಲ್ಲೇ ನೆರಳಲ್ಲಿ ಕೂತು ಬಂಡೆ ನೋಡೋದು. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ದ ಮರಬಾರ್ ಗುಹೆಗಳ ಭಾಗಕ್ಕೆ ಬಳಸಿಕೊಂಡದ್ದು ಈ ಸಾವನದುರ್ಗವನ್ನೂ ನಮ್ಮ ರಾಮದೇವರ ಬೆಟ್ಟವನ್ನೂ. ಅದರಲ್ಲಿ ಗುಹೆ ಹತ್ತಿ ಸುಸ್ತಾಗೋ ಮುದುಕಿ ಮಿಸೆಸ್ ಮೂರ್ ಪಾತ್ರಕ್ಕೆ ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಆಸ್ಕರ್ ಬಂತು. ಇದನ್ನು ಅತ್ತೆಗೆ ಹೇಳಿದ್ದಕ್ಕೆ, “ಸುಸ್ತಾದ್ರೆ ಬಹುಮಾನ ಕೊಡ್ತಾರಾ?” ಅಂದಳು. ಮಂಚನಬೆಲೆ ಆಟೋದಿಂದಲೇ. ನೀರಿಗೆ ಯಾರೂ ಇಳಿಯಬಾರದು, ಎಷ್ಟು ಹುಡುಗರು ಅಲ್ಲಿ ಮುಳುಗಿ ಹೋಗಿದ್ದಾರೆ ಅಂತ ಈ ಕಡೆಯವರಿಗೆಲ್ಲ ಗೊತ್ತು. ಗೆಳೆಯರೇ, ನಿಮಗೂ ಅದೇ ಮಾತು.

ಬುಧವಾರ ಮಾಗಡಿಯಿಂದ ರಾಮನಗರದ ಮೇಲೆ ಚನ್ನಪಟ್ಟಣ. ಇಲ್ಲೊಂದು ಅಪಾಯ ಇದೆ! ರಾಮನಗರದ ಸ್ಟ್ಯಾಂಡಿನಿಂದ ಮನೆ ಕೂಗಳತೆ ದೂರ. “ಹಾಲು ಬಂತಾ, ಬೀಗ ಸರಿ ಇದೆಯಾ ಅಂತ ಇಳಿಯೋ ಹಾಗಿಲ್ಲ” ಅಂತ ಅತ್ತೆ ತನ್ನ ಮೇಲೆ ತಾನೇ ಆಣೆ ಹಾಕಿಕೊಂಡಿದ್ದಾಳೆ. ಹಳೇ ಮೈಸೂರು ರಸ್ತೆಯಲ್ಲೇ ಹೋಗೋದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ಹೆದ್ದಾರಿ ಎರಡೂ ಊರನ್ನು ಹೊರಗಿಟ್ಟು ಹಾರಿಹೋಗುತ್ತೆ, ಹಳೇ ರಸ್ತೆಯ ಬೊಂಬೆ ಅಂಗಡಿಗಳ ವ್ಯಾಪಾರ ಅದರಿಂದ ಬಿತ್ತು. ದಾರಿಯಲ್ಲಿ ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ನಿವೃತ್ತಿಯಾದ ಮೇಲೆ ಕಟ್ಟಿದ್ದು. ಅಲ್ಲಿ ಒನಕೆ, ಬೀಸೋಕಲ್ಲು ಎಲ್ಲಾ ಇಟ್ಟಿದ್ದಾರೆ ಅಂದೆ. “ಅದನ್ನ ನೋಡೋಕೆ ಟಿಕೆಟ್ ಬೇರೆನಾ?” ಅಂದಳು. ಆದರೂ ಹೊಡೆದುಹಾಕಲಿಲ್ಲ.

ಚನ್ನಪಟ್ಟಣದಲ್ಲಿ ಒಂದು ರಾತ್ರಿ. ಅಂಗಡಿ ನೋಡಿದರೆ ಸಾಲದು, ಬೊಂಬೆ ಕಡೆಯೋ ಕಡೆ ಹೋಗಿ ನಿಲ್ಲಬೇಕು ಅಂತ ಅವಳ ಹಟ. ಹಾಲಿನ ಬಣ್ಣದ ಆಲೆ ಮರದ ತುಂಡು ಗಿರಗಿರ ತಿರುಗ್ತಾ ಇರುತ್ತೆ, ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹತ್ತುತ್ತೆ, ಆಮೇಲೆ ಒಣ ಎಲೆ ಒತ್ತಿ ಹೊಳಪು. ಬ್ರಷ್ಷೂ ಇಲ್ಲ, ಡಬ್ಬಿ ಪೇಂಟೂ ಇಲ್ಲ. ಮೊಮ್ಮಗಳಿಗೆ ನಡಿಗೆ ಕಲಿಸೋ ಮೂರು ಚಕ್ರದ ಗಾಡಿ ಒಂದು ತರಬೇಕಂತೆ.

ಅಲ್ಲಿಂದ ಸಾತನೂರು ಮೇಲೆ ಕಬ್ಬಾಳಮ್ಮನಿಗೆ ಹರಕೆ ತೀರಿಸಿ ಕನಕಪುರ, ಎರಡು ರಾತ್ರಿ. ಲಾಡ್ಜುಗಳಿಗೆ ಫೋನ್ ಮಾಡೋ ಕೆಲಸ ನನ್ನದು. ನೆಲಮಹಡಿ ರೂಮು, ಕುರ್ಚಿಯ ಹಾಗೆ ಕೂರೋ ಕಕ್ಕಸು, ಎರಡೇ ಪ್ರಶ್ನೆ. ಒಬ್ಬ ಮಹಾನುಭಾವ “ಮೂರನೇ ಮಹಡಿ ಸಾರ್, ವ್ಯೂ ಚೆನ್ನಾಗಿದೆ” ಅಂದ. ಸಂಗಮದ ಹತ್ತಿರ ಗಾಳಿಬೋರೆಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರ ಇದೆ. ರೇಟು ಕೇಳಿ ಮಾವ ಚೀಟಿ ದುಡ್ಡು ಮತ್ತೊಮ್ಮೆ ಎಣಿಸಿಟ್ಟ.

ಬಸ್ ಚಾರ್ಜಿನದು ಇನ್ನೊಂದು ತಮಾಷೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅತ್ತೆಗೆ ಶೂನ್ಯ ಟಿಕೆಟ್. ಅರವತ್ತು ದಾಟಿದ ಮಾವನಿಗೆ ನೂರಕ್ಕೆ ಇಪ್ಪತ್ತೈದು ರಿಯಾಯಿತಿ, ಉಳಿದದ್ದು ಕೊಡಲೇಬೇಕು. “ಜೀವಮಾನ ಎಲ್ಲಾ ಟಿಕೆಟ್ ಹರಿದವನು ಈಗ ಟಿಕೆಟ್ ತಗೋಬೇಕು, ಅವಳು ಪುಕ್ಕಟೆ” ಅಂತ ಅವನ ಗೊಣಗಾಟ. ಅತ್ತೆ ಆಧಾರ್ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಂಡು ನಗ್ತಾಳೆ.

ಮೇಕೆದಾಟು ಮಾತ್ರ ಇಲ್ಲ. ಸಂಗಮದಲ್ಲಿ ನದಿ ದಾಟಿ, ಆಚೆ ದಡದಲ್ಲಿ ಲಡಕಾಸಿ ಬಸ್ಸು ಹತ್ತಿ ನಾಲ್ಕು ಕಿ.ಮೀ. ಕುಲುಕಿಸಿಕೊಂಡು, ಕಡೆಗೆ ಬಂಡೆ ಮೇಲೆ ನಡೀಬೇಕು. ಮಂಡಿಗೂ ಆಗಲ್ಲ, ಎದೆಗೂ ಆಗಲ್ಲ. ಕಾಡಿನ ದಾರಿ, ಆನೆ ಅಡ್ಡಾಡೋ ಜಾಗ, ಕತ್ತಲಾಗೋ ಮುಂಚೆ ಕನಕಪುರ ಸೇರಬೇಕು. ಹೊಳೆಯಲ್ಲಿ ನೀರು ಜಾಸ್ತಿ ಇದ್ದರೆ ದಡದಲ್ಲೇ ಕೂರೋದು. ಅತ್ತೆಗೆ ಅಷ್ಟೇ ಸಾಕಂತೆ.

ಗಬ್ಬರ್ ಬಂಡೆ? ಅದೂ ಶೀಟಿನಲ್ಲಿಲ್ಲ. ಮಾವನೇ ಪೆನ್ನು ತಗೊಂಡು ಹೊಡೆದ. ಮೆಟ್ಟಿಲ ಮೇಲೆ ಆದದ್ದನ್ನು ಹೆಂಡತಿಗೆ ಅವನೇ ಹೇಳಿಬಿಟ್ಟಿದ್ದ. ನಾನು ಬಾಯಿ ಬಿಟ್ಟಿಲ್ಲ, ದೇವರಾಣೆ. ಸೋಮವಾರಕ್ಕೆ ಮುಂಚೆ ಅವನ ಎದೆಗೆ ಇಸಿಜಿ ಆಗಬೇಕು ಅಂತ ಅತ್ತೆಯ ಆರ್ಡರ್. ಎಲ್ಲಾ ಮುಗಿದ ಮೇಲೆ ಅವಳು ಇನ್ನೊಂದು ಷರತ್ತು ಹಾಕಿದಳು. “ಆ ಕೈಗಡಿಯಾರ ಮನೇಲೇ ಇಡಿ.” ಮಾವ ಮಣಿಕಟ್ಟು ಹಿಡಿದುಕೊಂಡು ಕೂತ. ವಿಲನ್ ಯಾರು ಅಂತ ಆಗ ಗೊತ್ತಾಯಿತು ನನಗೆ.

ಇಸಿಜಿ ಶುಕ್ರವಾರ. ಅದು ಸರಿ ಬಂದರೆ ಸೋಮವಾರ ಬೆಳಿಗ್ಗೆ ಮಾಗಡಿ ಬಸ್ಸು. ಸೀಟು ಹಿಡಿಯೋಕೆ ನಾನೇ ಸ್ಟ್ಯಾಂಡಿಗೆ ಹೋಗ್ತೀನಿ. ಕಿಟಕಿ ಪಕ್ಕ ಅತ್ತೆಗೆ.