ದೂರದ ಬೆಟ್ಟ, ಹತ್ತಿರದ ಬೆಟ್ಟ

'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಮಾತು. ಭೂಗೋಳದ ಪಾಠಕ್ಕೆ ಈ ಗಾದೆ ಒಪ್ಪುವಷ್ಟು ಬೇರೆ ಯಾವ ಪಾಠಕ್ಕೂ ಒಪ್ಪಲಾರದು. 'ಅಭಿವೃದ್ಧಿಶೀಲ ರಾಷ್ಟ್ರಗಳ ಸಾಮಾಜಿಕ ಸಮಸ್ಯೆಗಳು' ಎಂಬ ಅಧ್ಯಾಯ ಬಂದೊಡನೆ ನಾವು ಬಡತನ, ಅನಕ್ಷರತೆ, ನಿರುದ್ಯೋಗ, ವಸತಿಯ ಅಭಾವ, ಅಪೌಷ್ಟಿಕತೆ ಎಂದು ಒಂದೊಂದಾಗಿ ಬಾಯಿಪಾಠ ಮಾಡುತ್ತೇವೆ. ಐದು ಅಂಶಗಳನ್ನು ಬರೆದರೆ ಐದು ಅಂಕಗಳು ದೊರೆಯುತ್ತವೆ. ಪರೀಕ್ಷೆ ಮುಗಿಯುತ್ತದೆ, ಪುಸ್ತಕ ಮುಚ್ಚುತ್ತದೆ. ಆ ಪದಗಳೆಲ್ಲ ಎಲ್ಲಿಯೋ ದೂರದಲ್ಲಿರುವ, ಹೆಸರಿಲ್ಲದ ಜನರಿಗೆ ಸೇರಿದವು ಎಂಬ ಭಾವನೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಇದು ಭೂಗೋಳದ ಅಧ್ಯಯನವಲ್ಲ, ಪದಗಳ ಸಂಗ್ರಹ. ಭೂಗೋಳವು ಕೇಳುವ ಮೊದಲ ಪ್ರಶ್ನೆ 'ಏನು' ಎಂಬುದಲ್ಲ, 'ಇದು ಇಲ್ಲಿಯೇ ಏಕೆ' ಎಂಬುದು. ಮಳೆ ಇಲ್ಲಿ ಏಕೆ ಹೆಚ್ಚು? ಈ ಬೆಳೆ ಇಲ್ಲಿಯೇ ಏಕೆ? ಹಾಗೆಯೇ, ಈ ಬಡತನ ಇಲ್ಲಿಯೇ ಏಕೆ? ಈ ಮೂರನೆಯ ಪ್ರಶ್ನೆಯನ್ನೂ ಮೊದಲಿನ ಎರಡರಂತೆಯೇ ನೇರವಾಗಿ ಕೇಳುವ ಧೈರ್ಯ ತರಗತಿಗೆ ಬರಬೇಕು. ಮತ್ತು ಆ ಪ್ರಶ್ನೆ ಶಾಲೆಯ ಹೊಸ್ತಿಲಿನಿಂದ ಪ್ರಾರಂಭವಾಗಬೇಕು. ಈ ಮಾತಿನ ಅರ್ಥವೇನೆಂಬುದನ್ನು ಕೊಡಗು ಜಿಲ್ಲೆಯ ನಿದರ್ಶನದಿಂದ ನೋಡಬಹುದು.

ಕೊಡಗನ್ನು ಹೊಗಳದವರಿಲ್ಲ. ಅದು ಕಾವೇರಿಯ ತವರು. ಕಾಫಿ, ಕಿತ್ತಳೆ, ಕರಿಮೆಣಸುಗಳ ನಾಡು. ಕಾರ್ಯಪ್ಪ, ತಿಮ್ಮಯ್ಯರಂಥ ಸೇನಾನಿಗಳನ್ನು ದೇಶಕ್ಕೆ ಕೊಟ್ಟ ನೆಲ. ಪ್ರವಾಸಿಗಳು ಅದನ್ನು 'ಭಾರತದ ಸ್ಕಾಟ್‌ಲೆಂಡ್' ಎಂದು ಕರೆದು ಸಂತೋಷಪಡುತ್ತಾರೆ. ಅಂಕಿಗಳೂ ಈ ಹೊಗಳಿಕೆಯನ್ನು ಸಮರ್ಥಿಸುತ್ತವೆ. 4,102 ಚದರ ಕಿಲೋಮೀಟರ್ ವಿಸ್ತಾರವಾದ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ 5,54,519 ಜನರಿದ್ದರು. ಸಾವಿರ ಪುರುಷರಿಗೆ 1,019 ಸ್ತ್ರೀಯರಿದ್ದರು. ನೂರಕ್ಕೆ ಸುಮಾರು 82 ಜನ ಅಕ್ಷರಸ್ಥರಾಗಿದ್ದರು. ಇದು ರಾಜ್ಯದ ಪ್ರಮಾಣಕ್ಕಿಂತಲೂ ಹೆಚ್ಚು. 1999ರಲ್ಲಿ ಪ್ರಕಟವಾದ ಕರ್ನಾಟಕದ ಮಾನವ ಅಭಿವೃದ್ಧಿ ವರದಿಯಲ್ಲಿ ಎಲ್ಲ ಜಿಲ್ಲೆಗಳಿಗೂ ಮೊದಲು ನಿಂತದ್ದು ಕೊಡಗು. ಕೊನೆಯಲ್ಲಿ ನಿಂತದ್ದು ರಾಯಚೂರು.

ಹಾಗಾದರೆ ಸಾಮಾಜಿಕ ಸಮಸ್ಯೆಗಳನ್ನು ತಿಳಿಯಲು ಕೊಡಗಿನ ವಿದ್ಯಾರ್ಥಿಯು ರಾಯಚೂರಿಗೋ ಆಫ್ರಿಕಕ್ಕೋ ಹೋಗಬೇಕೆ? ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು. ಸರಾಸರಿ ಎಂಬುದು ಉಪಯುಕ್ತವಾದ ಲೆಕ್ಕ. ಆದರೆ ಅದಕ್ಕೆ ಮುಚ್ಚಿಡುವ ಗುಣವೂ ಉಂಟು. ಒಂದು ಮನೆಯಲ್ಲಿ ಹತ್ತು ಸೇರು ಅಕ್ಕಿ ಇದ್ದು ಪಕ್ಕದ ಮನೆಯಲ್ಲಿ ಏನೂ ಇಲ್ಲದಿದ್ದರೆ, ಎರಡು ಮನೆಗಳ ಸರಾಸರಿ ಐದು ಸೇರು. ಆದರೆ ಸರಾಸರಿಯನ್ನು ಒಲೆಯ ಮೇಲಿಟ್ಟು ಗಂಜಿ ಬೇಯಿಸಲಾಗುವುದಿಲ್ಲ. ಜಿಲ್ಲೆಯ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ಹತ್ತರಷ್ಟಿರುವ ಯರವ, ಜೇನುಕುರುಬ, ಬೆಟ್ಟಕುರುಬ ಮೊದಲಾದ ಗಿರಿಜನರ ಹಾಡಿಗಳಲ್ಲಿ, ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಜಿಲ್ಲೆಯ ಸರಾಸರಿ ವಾಸಿಸುವುದಿಲ್ಲ. ದೀಪದ ಬುಡದಲ್ಲಿಯೇ ಕತ್ತಲೆ ಎಂಬುದು ಇದಕ್ಕೇ.

ಈ ಕತ್ತಲೆಯ ಕಾರಣಗಳನ್ನು ಭೂಗೋಳವು ಹೇಗೆ ಬಿಡಿಸಿ ತೋರಿಸಬಲ್ಲದು ಎಂಬುದನ್ನು ನೋಡೋಣ. ಕೊಡಗಿನ ಇಳಿಜಾರು, ಮಣ್ಣು, ಮಳೆ ಇವು ಕಾಫಿಗೆ ಹೇಳಿಮಾಡಿಸಿದವು. 1850ರ ದಶಕದಲ್ಲಿ ಐರೋಪ್ಯ ತೋಟಗಾರರು ಇಲ್ಲಿ ದೊಡ್ಡ ತೋಟಗಳನ್ನು ಹಾಕತೊಡಗಿದರು. ತೋಟಕ್ಕೆ ನೆಲವೊಂದಿದ್ದರೆ ಸಾಲದು, ಕೈಗಳೂ ಬೇಕು. ಮೈಸೂರು, ಮಲಬಾರು, ತಮಿಳುನಾಡುಗಳಿಂದ ಕೂಲಿಗಳನ್ನು ಕರೆತರಲಾಯಿತು. ಸ್ಥಳೀಯ ಯರವರೂ ಕುರುಬರೂ ದುಡಿದರು. ಇಂದು ಅಸ್ಸಾಮಿನಂಥ ದೂರದ ರಾಜ್ಯಗಳಿಂದಲೂ ಕೆಲಸಗಾರರು ಬರುತ್ತಾರೆ. ಹೀಗೆ ಬಂದವರಿಗಾಗಿ ಒಂದೇ ಸಾಲಿನಲ್ಲಿ, ಒಂದಕ್ಕೊಂದು ಅಂಟಿಕೊಂಡಂತೆ ಕಟ್ಟಿದ ಕೋಣೆಗಳೇ ಲೈನ್ ಮನೆಗಳು.

ಲೈನ್ ಮನೆಯ ಕಷ್ಟ ಅದು ಚಿಕ್ಕದೆಂಬುದಷ್ಟೇ ಅಲ್ಲ. ಆ ಮನೆ ಕೆಲಸಕ್ಕೆ ಕಟ್ಟುಬಿದ್ದಿದೆ. ಕೆಲಸ ಬಿಟ್ಟರೆ ಮನೆಯೂ ಹೋಗುತ್ತದೆ; ವೃದ್ಧಾಪ್ಯದಲ್ಲಿ ತಲೆಯ ಮೇಲೆ ಸೂರು ಉಳಿಯುವುದೆಂಬ ಭರವಸೆಯಿಲ್ಲ. ತನ್ನ ಹೆಸರಿನಲ್ಲಿ ಒಂದು ವಿಳಾಸವೇ ಇಲ್ಲದವನಿಗೆ ಸರ್ಕಾರದ ಸವಲತ್ತಿನ ಅರ್ಜಿ ಬರೆಯುವುದೂ ಕಷ್ಟ. 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆಯು ವಸತಿ, ವೈದ್ಯಕೀಯ ನೆರವು, ಮಕ್ಕಳ ಪಾಲನೆ ಇವುಗಳನ್ನು ತೋಟದ ಮಾಲೀಕರ ಹೊಣೆಯಾಗಿಸಿತು. ಆದರೆ ಆ ಕಾಯಿದೆ ಅನ್ವಯಿಸಿದ್ದು ನಿಗದಿತ ವಿಸ್ತೀರ್ಣಕ್ಕೆ ಮೀರಿದ ತೋಟಗಳಿಗೆ ಮಾತ್ರ. ಕೊಡಗಿನ ಬೆಳೆಗಾರರಲ್ಲಿ ಬಹುಮಂದಿ ಸಣ್ಣ ಹಿಡುವಳಿದಾರರು.

ಇನ್ನು ಕಾಫಿಯ ಪಂಚಾಂಗವನ್ನು ಶಾಲೆಯ ಪಂಚಾಂಗದ ಪಕ್ಕದಲ್ಲಿಟ್ಟು ನೋಡಿ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದು ಗಿಡ ಹೂವಾಗುತ್ತದೆ. ನವೆಂಬರಿನಿಂದ ಅರೇಬಿಕ, ಜನವರಿಯಿಂದ ಮಾರ್ಚಿಯವರೆಗೆ ರೊಬಸ್ಟ ಕೊಯ್ಲಿಗೆ ಬರುತ್ತದೆ. ಆ ಕೆಲವು ತಿಂಗಳುಗಳಲ್ಲಿ ಎಷ್ಟು ಕೈಗಳಿದ್ದರೂ ಸಾಲವು. ಕೊಯ್ಲು ಮುಗಿದ ಮೇಲೆ ಅಷ್ಟೊಂದು ಕೈಗಳಿಗೆ ಕೆಲಸವಿಲ್ಲ. ಶಾಲೆಯಲ್ಲಿ ಪಾಠಗಳು ಭರದಿಂದ ಸಾಗುವುದೂ ಪರೀಕ್ಷೆ ಹತ್ತಿರವಾಗುವುದೂ ಇದೇ ಕೊಯ್ಲಿನ ತಿಂಗಳುಗಳಲ್ಲಿ. ತಂದೆತಾಯಿಗಳು ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋದಾಗ ಮಗುವೂ ಜೊತೆಯಲ್ಲಿ ಹೋಗುತ್ತದೆ. ಇಲ್ಲವೇ ತಮ್ಮತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತದೆ. ಹಾಜರಿ ಪುಸ್ತಕದಲ್ಲಿ 'ಗೈರುಹಾಜರು' ಎಂದು ಬರೆಯುವ ಒಂದು ಗೆರೆಯ ಹಿಂದೆ ಇಷ್ಟು ಭೂಗೋಳವಿದೆ. ಇದನ್ನು ತಿಳಿಯದವನು ಆ ಮಗುವನ್ನು ಸೋಮಾರಿ ಎನ್ನುತ್ತಾನೆ, ತಿಳಿದವನು ಹಾಗೆನ್ನಲಾರನು.

ಮಗು ಶಾಲೆಗೆ ಬಂದ ಮೇಲೂ ಕಷ್ಟ ಮುಗಿಯುವುದಿಲ್ಲ. ಯರವರ ಮಗು ಮನೆಯಲ್ಲಿ ಆಡುವುದು ಯರವ ನುಡಿ. ಶಾಲೆಯಲ್ಲಿ ಕೇಳುವುದು ಕನ್ನಡ. ಉತ್ತರ ತಿಳಿದಿದ್ದರೂ ಅದನ್ನು ಹೇಳುವ ಮಾತು ಬಾರದೆ ಅದು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತದೆ.

ಈ ಹೊತ್ತಿಗೆ ಯಾರಾದರೊಬ್ಬರು 'ಹಾಗಾದರೆ ತಪ್ಪೆಲ್ಲ ತೋಟದ ಮಾಲೀಕನದು' ಎಂದು ತೀರ್ಪು ಕೊಟ್ಟುಬಿಡಬಹುದು. ಭೂಗೋಳವು ಅಷ್ಟು ಬೇಗ ತೀರ್ಪು ಕೊಡುವುದಿಲ್ಲ. ಸಿದ್ದಾಪುರದ ಬೆಳೆಗಾರನಿಗೆ ಸಿಕ್ಕುವ ಬೆಲೆಯನ್ನು ಸಿದ್ದಾಪುರ ನಿರ್ಧರಿಸುವುದಿಲ್ಲ. ಲಂಡನ್, ನ್ಯೂಯಾರ್ಕ್ ನಗರಗಳ ಮಾರುಕಟ್ಟೆಗಳು ನಿರ್ಧರಿಸುತ್ತವೆ. 1975ರಲ್ಲಿ ಬ್ರೆಜಿಲ್ ದೇಶದ ತೋಟಗಳ ಮೇಲೆ ಹಿಮ ಬಿದ್ದಾಗ ಜಗತ್ತಿನಲ್ಲೆಲ್ಲ ಕಾಫಿಯ ಬೆಲೆ ಏರಿತು. 1989ರಲ್ಲಿ ಕಾಫಿ ದೇಶಗಳ ನಡುವಣ ರಫ್ತು ಹಂಚಿಕೆಯ ಒಪ್ಪಂದ ಮುರಿದುಬಿತ್ತು. ವಿಯೆಟ್ನಾಮ್ ಅಪಾರವಾಗಿ ಕಾಫಿ ಬೆಳೆಯತೊಡಗಿತು. 2000ದ ನಂತರದ ಎರಡು ಮೂರು ವರ್ಷಗಳಲ್ಲಿ ಬೆಲೆ ಪಾತಾಳಕ್ಕೆ ಇಳಿಯಿತು. ಕಾಫಿ ಬೆಳೆಯುವ ದೇಶಗಳು ಬಹುಪಾಲು ಅಭಿವೃದ್ಧಿಶೀಲ ದೇಶಗಳು. ಹೆಚ್ಚಾಗಿ ಕೊಂಡು ಕುಡಿಯುವವು ಸಂಪನ್ನ ದೇಶಗಳು. ಬೆಲೆ ಕುಸಿದಾಗ ಬೆಳೆಗಾರನು ಸಾಲಗಾರನಾಗುತ್ತಾನೆ. ಕೂಲಿಯಾಳು ಕೆಲಸವನ್ನೇ ಕಳೆದುಕೊಳ್ಳುತ್ತಾನೆ. ನಷ್ಟ ಇಬ್ಬರಿಗೂ ಉಂಟು. ಆದರೆ ಭಾರ ಒಂದೇ ಸಮನಲ್ಲ. ಈ ಎರಡು ಮಾತುಗಳನ್ನೂ ಜೊತೆಯಾಗಿ ಹಿಡಿದು ಯೋಚಿಸುವುದನ್ನೇ ವಿದ್ಯೆಯೆನ್ನುತ್ತೇವೆ.

ನೆಲವಿಲ್ಲದವನ ನೆಲೆಯಿಲ್ಲದಿರುವಿಕೆಗೂ ಒಂದು ಚರಿತ್ರೆಯಿದೆ. ಯರವರು ತಲೆಮಾರುಗಳ ಕಾಲ ಒಡೆಯರ ಮನೆಗಳಲ್ಲಿ ಜೀತದಾಳುಗಳಾಗಿದ್ದರು. ಜೀತವನ್ನು ರದ್ದುಪಡಿಸಿದ ಕಾಯಿದೆ ಬಂದದ್ದು 1976ರಲ್ಲಿ. ಜೀತ ಹೋಯಿತು, ಜಮೀನು ಬರಲಿಲ್ಲ. ಜೇನುಕುರುಬರು ಕಾಡನ್ನೇ ಮನೆಯೆಂದು ಬಾಳಿದವರು. ನಾಗರಹೊಳೆಯ ಕಾಡು 1955ರಲ್ಲಿ ಅಭಯಾರಣ್ಯವಾಯಿತು, ಅನಂತರ ರಾಷ್ಟ್ರೀಯ ಉದ್ಯಾನವಾಯಿತು. ಅನೇಕ ಕುಟುಂಬಗಳು ಹೊರಬಂದು ತೋಟಗಳ ಕೂಲಿಯಾದವು. ಕಾಡಿನಲ್ಲಿ ಬಾಳಿದವರ ಹಕ್ಕನ್ನು ಮನ್ನಿಸುವ ಕಾಯಿದೆಗಾಗಿ 2006ರವರೆಗೆ ಕಾಯಬೇಕಾಯಿತು. 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಸಮೀಪದ ದಿಡ್ಡಳ್ಳಿಯಲ್ಲಿ ಗಿರಿಜನರು ಹಾಕಿಕೊಂಡಿದ್ದ ನೂರಾರು ಗುಡಿಸಲುಗಳನ್ನು ಅರಣ್ಯ ಇಲಾಖೆಯು ಕೆಡವಿಸಿತು. ಅವರಲ್ಲಿ ಬಹುಮಂದಿ ಲೈನ್ ಮನೆಗಳನ್ನು ಬಿಟ್ಟು ಬಂದವರು. ಇದು ಮೀಸಲು ಅರಣ್ಯವೆಂದು ಇಲಾಖೆ ಹೇಳಿತು. ನಮಗೆ ತುಂಡು ನೆಲ ಬೇಕೆಂದು ಅವರು ಹೇಳಿದರು. ದೀರ್ಘ ಹೋರಾಟದ ಮೇಲೆ ಸರ್ಕಾರವು ಬಸವನಹಳ್ಳಿ, ಬ್ಯಾಡಗೊಟ್ಟ ಮೊದಲಾದ ಕಡೆ ಅವರಿಗೆ ಮನೆಗಳನ್ನು ಒದಗಿಸಿತು. ಕಾಡು ಉಳಿಯಬೇಕು, ಮನುಷ್ಯನೂ ಉಳಿಯಬೇಕು. ಎರಡನ್ನೂ ಉಳಿಸುವ ದಾರಿ ಯಾವುದು? ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಯೋಗ್ಯವಾದ ಪ್ರಶ್ನೆ ಬೇಕೆ?

ಪ್ರಕೃತಿಯ ವಿಕೋಪಗಳೂ ಸಮಾಜದ ಪಾಠವನ್ನೇ ಹೇಳುತ್ತವೆ. 2018ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಮುಂತಾದ ಕಡೆಗಳಲ್ಲಿ ಗುಡ್ಡಗಳು ಕುಸಿದು ಪ್ರಾಣಹಾನಿಯಾಯಿತು. ಸಾವಿರಾರು ಜನರು ಪರಿಹಾರ ಕೇಂದ್ರಗಳನ್ನು ಸೇರಿದರು. 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ನೆಲ ಕುಸಿಯಿತು. ಮಳೆ ವಿಪರೀತವಾಗಿ ಸುರಿದದ್ದು ನಿಜ. ಆದರೆ ರಸ್ತೆಗಾಗಿ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ನೀರಿನ ಸಹಜವಾದ ದಾರಿಯನ್ನು ಮುಚ್ಚಿದ್ದೂ ನಿಜ. ಮಳೆ ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆ. ಅದರ ಪೆಟ್ಟು ಹಾಗಲ್ಲ. ಹಕ್ಕುಪತ್ರವಿದ್ದವನು ಅದನ್ನು ತೋರಿಸಿ ಪರಿಹಾರ ಕೇಳಬಹುದು. ಹಕ್ಕುಪತ್ರವೇ ಇಲ್ಲದವನು ಏನನ್ನು ತೋರಿಸಬೇಕು?

ಇಂಥ ವಿಷಯಗಳನ್ನು ಶಾಲೆಯಲ್ಲಿ ಎತ್ತಬಾರದೆಂದು ಕೆಲವರು ಹೇಳುತ್ತಾರೆ. ಎಳೆಯ ಮನಸ್ಸುಗಳಿಗೆ ನಾಡಿನ ಸೊಬಗನ್ನು ತೋರಿಸಬೇಕಲ್ಲದೆ ಹುಳುಕನ್ನಲ್ಲ. ಇದರಿಂದ ನಾಡಿನ ಅಭಿಮಾನ ಕುಗ್ಗುತ್ತದೆ ಎಂಬುದು ಅವರ ವಾದ. ಆದರೆ ಕಣ್ಣು ಮುಚ್ಚಿದರೆ ಮಾತ್ರ ಉಳಿಯುವ ಅಭಿಮಾನಕ್ಕೆ ಬಲವೆಲ್ಲಿಂದ ಬರಬೇಕು? ಮನೆಯ ಸೂರು ಸೋರುವುದನ್ನು ಗುರುತಿಸುವವನು ಮನೆಯ ವೈರಿಯಲ್ಲ. ಅದನ್ನು ಸರಿಪಡಿಸಲು ಏಣಿ ಹುಡುಕುವವನೂ ಅವನೇ.

ಆದರೆ ಇನ್ನೊಂದು ಆಕ್ಷೇಪಣೆಯನ್ನು ನಾವು ಗಂಭೀರವಾಗಿ ಎಣಿಸಬೇಕು. ಲೈನ್ ಮನೆಯ ವಿಷಯವನ್ನು ಪಾಠ ಮಾಡುವಾಗ ಲೈನ್ ಮನೆಯ ಹುಡುಗಿ ಅದೇ ತರಗತಿಯಲ್ಲಿ ಕುಳಿತಿರುತ್ತಾಳೆ. ಎಲ್ಲರೂ ತಿರುಗಿ ಅವಳತ್ತ ನೋಡಿದರೆ ಆ ಪಾಠವು ಅವಳಿಗೆ ಶಿಕ್ಷೆಯಾಗುತ್ತದೆ. ಸಹಪಾಠಿಯು ಪ್ರಯೋಗಶಾಲೆಯ ಮಾದರಿಯಲ್ಲ. 'ಅಯ್ಯೋ ಪಾಪ' ಎಂಬ ಮರುಕವೂ ತಿರಸ್ಕಾರದಂತೆಯೇ ಮನುಷ್ಯನನ್ನು ಕುಗ್ಗಿಸುತ್ತದೆ. ಆದುದರಿಂದ ನಾವು ಅಳೆಯಬೇಕಾದದ್ದು ಜನರನ್ನಲ್ಲ, ಅವರಿಗೆ ಇರುವ ಅನುಕೂಲಗಳನ್ನು. 'ನೀನೇಕೆ ಬಡವ' ಎಂದು ಯಾರನ್ನೂ ಕೇಳಬೇಕಾಗಿಲ್ಲ. ಕುಡಿಯುವ ನೀರಿನ ನಲ್ಲಿ ಎಷ್ಟು ದೂರ? ಬಸ್ಸು ನಿಲ್ಲುವುದೆಲ್ಲಿ? ಆರೋಗ್ಯ ಕೇಂದ್ರಕ್ಕೆ ಎಷ್ಟು ಹೊತ್ತಿನ ನಡಿಗೆ? ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಶಾಲೆ ಇವು ಯಾರ ಮನೆಗೆ ಹತ್ತಿರ, ಯಾರ ಮನೆಗೆ ದೂರ? ಇವನ್ನೆಲ್ಲ ಒಂದು ಹಾಳೆಯ ಮೇಲೆ ನಕ್ಷೆಯಾಗಿ ಬರೆದರೆ ಸಮಸ್ಯೆಯು ಒಬ್ಬರ ಅವಮಾನವಾಗಿ ಉಳಿಯದೆ ಇಡೀ ಊರಿನ ಪ್ರಶ್ನೆಯಾಗುತ್ತದೆ. ಅಂಥ ನಕ್ಷೆಯನ್ನು ಬರೆಯುವಾಗ ಕಾಲುದಾರಿಗಳನ್ನೂ ತೊರೆಗಳನ್ನೂ ಆನೆ ಹಾದುಹೋಗುವ ಜಾಡುಗಳನ್ನೂ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಹಾಡಿಯ ಮಕ್ಕಳೇ. ಹಿಂದಿನ ಸಾಲಿನ ಮೌನ ಅಂದು ಮಾತಾಗಬಹುದು.

'ದೇಶ ಸುತ್ತು, ಕೋಶ ಓದು' ಎಂಬ ಮಾತನ್ನು ನಾವು ಬಲ್ಲೆವು. ಸುತ್ತುವುದಕ್ಕೆ ದೂರದ ದೇಶವೇ ಬೇಕೆಂದಿಲ್ಲ. ತನ್ನ ಊರನ್ನು ಕಾರಣಸಹಿತವಾಗಿ ತಿಳಿದ ವಿದ್ಯಾರ್ಥಿಗೆ ಬ್ರೆಜಿಲ್ ದೇಶದ ಕೂಲಿಯ ಬದುಕೂ ಇಥಿಯೋಪಿಯದ ರೈತನ ಬದುಕೂ ಬೇಗನೆ ಅರ್ಥವಾಗುತ್ತವೆ. ಅಭಿವೃದ್ಧಿಯೆಂಬುದು ಸರಾಸರಿಯ ಏರಿಕೆಯೊಂದೇ ಅಲ್ಲ. ಸರಾಸರಿಯ ಕೆಳಗೆ ಮರೆಯಾಗಿ ನಿಂತವರು ಬೆಳಕಿಗೆ ಬರುವುದು. ಬೆಟ್ಟ ಹತ್ತಿರದಿಂದ ನುಣ್ಣಗೆ ಕಾಣುವುದಿಲ್ಲ, ಅಲ್ಲಿ ಕಲ್ಲುಮುಳ್ಳುಗಳಿವೆ. ಆದರೆ ಹತ್ತುವವನಿಗೆ ದಾರಿ ಕಾಣುವುದೂ ಹತ್ತಿರ ಹೋದಾಗಲೇ.