ಆರಾಧನಾಲಯದಲ್ಲಿ ಅಡಗಿಸಿದ ಬಂದೂಕು: ರಕ್ಷಣೆಯೋ, ಮತ್ತೊಂದು ಅಪಾಯವೋ?

ಪವಿತ್ರ ಕುರ್‌ಆನ್ ಸೂರಃ ಅಲ್ ಹಜ್ಜ್‌ನ 40ನೇ ಸೂಕ್ತದಲ್ಲಿ ಮಠಗಳು, ಚರ್ಚುಗಳು, ಯಹೂದಿಯರ ಪ್ರಾರ್ಥನಾಲಯಗಳು ಹಾಗೂ ಮಸೀದಿಗಳನ್ನು ಒಟ್ಟಿಗೆ ಹೆಸರಿಸಿ ಅವುಗಳ ರಕ್ಷಣೆಯ ವಿಚಾರವನ್ನು ಪ್ರಸ್ತಾಪಿಸಿದೆ. ಆದ್ದರಿಂದ ಯಾವುದೇ ಆರಾಧನಾಲಯದಲ್ಲಿ ಹರಿದ ನಿರಪರಾಧಿಗಳ ರಕ್ತವು ನಮಗೆ ಅನ್ಯರ ವಿಷಯವಲ್ಲ. 2015ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಮಂದಿ, 2017ರಲ್ಲಿ ಟೆಕ್ಸಾಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಗರ್ಭಸ್ಥ ಶಿಶುವೂ ಸೇರಿ 26 ಮಂದಿ, 2018ರಲ್ಲಿ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾಲಯದಲ್ಲಿ 11 ಮಂದಿ, 2019ರಲ್ಲಿ ನ್ಯೂಝಿಲ್ಯಾಂಡ್‌ನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಮಂದಿ ಬಂದೂಕಿಗೆ ಬಲಿಯಾದರು.

ಈ ಭಯಕ್ಕೆ ಅಮೆರಿಕದ ಅನೇಕರು ಕಂಡುಕೊಂಡಿರುವ ಉತ್ತರವೆಂದರೆ, ಉಡುಪಿನೊಳಗೆ ಪಿಸ್ತೂಲನ್ನು ಅಡಗಿಸಿಕೊಂಡು ಪ್ರಾರ್ಥನೆಗೆ ಬರುವುದು. ಅಲ್ಲಿನ ಮಸೀದಿಗಳ ಮುಂದೆಯೂ ಇದೇ ಪ್ರಶ್ನೆ ಇದೆ. ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳೂ ಜುಮಾದ ದಿನ ಅದನ್ನು ಎದುರಿಸಬೇಕಾಗಿದೆ. ಆರಾಧಕರಿಗೆ ರಕ್ಷಣೆ ಬೇಕು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸೊಂಟದಲ್ಲೊಂದು ಬಂದೂಕು ಇದ್ದಮಾತ್ರಕ್ಕೆ ರಕ್ಷಣೆ ದೊರೆಯಿತು ಎಂಬ ವಾದವನ್ನು ನಾವು ಖಂಡಿತವಾಗಿಯೂ ವಿರೋಧಿಸುತ್ತೇವೆ.

ಈ ವಾದದವರು ಮುಂದಿಡುವ ಅತಿ ದೊಡ್ಡ ಪುರಾವೆ 2019ರ ಡಿಸೆಂಬರ್ 29ರಂದು ಟೆಕ್ಸಾಸ್‌ನ ವೈಟ್ ಸೆಟ್ಲ್‌ಮೆಂಟ್ ಎಂಬಲ್ಲಿನ ಚರ್ಚಿನಲ್ಲಿ ನಡೆದ ಘಟನೆ. ಆರಾಧನೆ ನೇರ ಪ್ರಸಾರವಾಗುತ್ತಿದ್ದುದರಿಂದ ಆ ದೃಶ್ಯವನ್ನು ಲೋಕವೆಲ್ಲ ನೋಡಿತು. ದುಷ್ಕರ್ಮಿಯೊಬ್ಬ ಬಂದೂಕು ತೆಗೆದು ಇಬ್ಬರನ್ನು ಕೊಂದ. ಆರು ಸೆಕೆಂಡುಗಳೊಳಗೆ ಸ್ವಯಂಸೇವಕ ಜ್ಯಾಕ್ ವಿಲ್ಸನ್ ಹಾರಿಸಿದ ಒಂದೇ ಗುಂಡಿಗೆ ಅವನು ನೆಲಕ್ಕುರುಳಿದ. ಅಲ್ಲಿ 240ಕ್ಕೂ ಹೆಚ್ಚು ಜನರಿದ್ದರು. ಅವರ ಪ್ರಾಣ ಉಳಿದುದು ಸತ್ಯ. ಅದನ್ನು ನಾವು ನಿರಾಕರಿಸುವುದಿಲ್ಲ.

ಆದರೆ ಆ ಸತ್ಯದ ಉಳಿದ ಭಾಗವನ್ನೂ ಹೇಳಬೇಕಲ್ಲವೇ? ವಿಲ್ಸನ್ ಮೀಸಲು ಪೊಲೀಸ್ ಅಧಿಕಾರಿಯಾಗಿದ್ದವರು, ಬಂದೂಕು ತರಬೇತಿ ಕೇಂದ್ರದ ಒಡೆಯರು, ಸ್ವತಃ ಶಿಕ್ಷಕರು. ಆ ಚರ್ಚಿನ ರಕ್ಷಣಾ ತಂಡಕ್ಕೆ ತರಬೇತಿ ನೀಡಿದವರೂ ಅವರೇ. ಅದೇ ತಂಡದ ಇನ್ನೊಬ್ಬರ ಬಳಿಯೂ ಪಿಸ್ತೂಲಿತ್ತು. ಅದನ್ನು ಹೊರತೆಗೆಯುತ್ತಿರುವಾಗಲೇ ಅವರು ಕೊಲ್ಲಲ್ಪಟ್ಟರು. ಹಾಗಾದರೆ ಆ ಜನರನ್ನು ಕಾಪಾಡಿದ್ದು ಬಂದೂಕೋ, ಅದರ ಹಿಂದಿದ್ದ ಹಲವು ವರ್ಷಗಳ ಶಿಸ್ತೋ?

ಟೆಕ್ಸಾಸ್‌ನಲ್ಲಿ ಪರವಾನಗಿ ಪಡೆಯಲು ನಾಲ್ಕರಿಂದ ಆರು ಗಂಟೆಗಳ ಪಾಠ ಹಾಗೂ 50 ಗುಂಡುಗಳ ಪರೀಕ್ಷೆ ಸಾಕು. ಅದೂ ಮೂರು, ಏಳು ಮತ್ತು ಹದಿನೈದು ಗಜ ದೂರದ, ಅಲುಗಾಡದ ಗುರಿಗೆ. 2021ರ ಸೆಪ್ಟೆಂಬರ್ 1ರಿಂದ ಕಾನೂನು ಅಡ್ಡಿಯಿಲ್ಲದ 21 ವರ್ಷ ಮೀರಿದವರಿಗೆ ಆ ಪರವಾನಗಿಯೂ ಬೇಕಿಲ್ಲ. ಅಂದರೆ ಒಂದು ಗಂಟೆಯ ಪಾಠವೂ ಕಡ್ಡಾಯವಲ್ಲ. ಇನ್ನೊಂದೆಡೆ, ನೂರಾರು ಗಂಟೆಗಳ ತರಬೇತಿ ಪಡೆದ ನ್ಯೂಯಾರ್ಕ್ ಪೊಲೀಸರನ್ನು ನೋಡಿರಿ. 1998ರಿಂದ 2006ರವರೆಗಿನ ಅವರ ಗುಂಡಿನ ಕಾಳಗಗಳನ್ನು ರ್‍ಯಾಂಡ್ ಸಂಸ್ಥೆಯು ಪರಿಶೀಲಿಸಿದಾಗ, ಗುರಿ ಮುಟ್ಟಿದ ಗುಂಡುಗಳು ಸರಾಸರಿ ನೂರಕ್ಕೆ 18 ಮಾತ್ರ ಎಂದು ಕಂಡುಬಂತು. ಉಳಿದ ಗುಂಡುಗಳು ಎಲ್ಲಿಗೆ ಹೋದವು? ಮಕ್ಕಳು, ಮಹಿಳೆಯರು, ವೃದ್ಧರು ಕಿಕ್ಕಿರಿದ ಪ್ರಾರ್ಥನಾ ಸಭಾಂಗಣದಲ್ಲಿ ಅವು ಎಲ್ಲಿಗೆ ಹೋಗುತ್ತವೆ?

ನಿಜವಾದ ತರಬೇತಿಯೆಂದರೆ ಗುರಿಯಿಟ್ಟು ಹೊಡೆಯುವುದು ಮಾತ್ರವಲ್ಲ. ಶತ್ರುವಿನ ಹಿಂದೆ ಯಾರಿದ್ದಾರೆಂದು ಕ್ಷಣದಲ್ಲಿ ಗುರುತಿಸಬೇಕು, ಯಾವಾಗ ಹಾರಿಸಬಾರದೆಂದು ತಿಳಿದಿರಬೇಕು. ತನ್ನಂತೆಯೇ ಬಂದೂಕು ಹಿಡಿದ ಇನ್ನೊಬ್ಬ ರಕ್ಷಕನೇ ಹೊರತು ಕೊಲೆಗಾರನಲ್ಲ ಎಂದು ಅರಿಯಬೇಕು, ಒಳನುಗ್ಗುವ ಪೊಲೀಸರು ತನ್ನನ್ನೇ ಕೊಲೆಗಾರನೆಂದು ಭಾವಿಸದಂತೆ ವರ್ತಿಸಬೇಕು. ಆರು ಗಂಟೆಗಳಲ್ಲಿ ಇದು ಬರುವುದಿಲ್ಲ. ಬಂದರೂ ನಿರಂತರ ಅಭ್ಯಾಸವಿಲ್ಲದೆ ಉಳಿಯುವುದಿಲ್ಲ. ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ದುರಂತ ನಡೆದ ಕೆಲವೇ ದಿನಗಳಲ್ಲಿ ಟೆನೆಸ್ಸಿ ರಾಜ್ಯದ ಟೆಲಿಕೊ ಪ್ಲೇನ್ಸ್‌ನ ಚರ್ಚೊಂದರಲ್ಲಿ ಜನರು ಇದೇ ವಿಷಯವನ್ನು ಚರ್ಚಿಸುತ್ತಿದ್ದರು. ಆಗ ವೃದ್ಧರೊಬ್ಬರು ಜೊತೆಯಲ್ಲಿದ್ದ ಬಂದೂಕನ್ನು ಹೊರತೆಗೆದರು. ಅದು ಅಕಸ್ಮಾತ್ತಾಗಿ ಸಿಡಿದು, ಅವರೂ ಅವರ ಪತ್ನಿಯೂ ಗಾಯಗೊಂಡರು. ಅಲ್ಲಿ ಶತ್ರುವೇ ಇರಲಿಲ್ಲ!

ಇಸ್ಲಾಮ್ ಈ ವಿಷಯದಲ್ಲಿ ಮೌನವಾಗಿಲ್ಲ. ಸೂರಃ ಅನ್ನಿಸಾದ 102ನೇ ಸೂಕ್ತವು ಯುದ್ಧಭೀತಿಯ ನಮಾಝ್‌ನ ಕ್ರಮವನ್ನು ಕಲಿಸುತ್ತದೆ. ಒಂದು ಗುಂಪು ಇಮಾಮರ ಹಿಂದೆ ನಿಲ್ಲುತ್ತದೆ, ಇನ್ನೊಂದು ಕಾವಲಿರುತ್ತದೆ, ಬಳಿಕ ಸ್ಥಾನ ಬದಲಾಗುತ್ತದೆ. ಆಯುಧಗಳನ್ನು ಜೊತೆಗಿರಿಸಿಕೊಳ್ಳಲು ಅಲ್ಲಿ ಆಜ್ಞೆ ಇದೆ, ನಿಜ. ಆದರೆ ಆ ವ್ಯವಸ್ಥೆಯು ನಾಯಕನ ಅಧೀನದಲ್ಲಿದೆ, ಯಾರು ಯಾವಾಗ ಕಾವಲು ಎಂಬುದು ಎಲ್ಲರಿಗೂ ತಿಳಿದಿದೆ. ಪ್ರತಿಯೊಬ್ಬನೂ ತನಗೆ ತೋಚಿದಂತೆ ಗುಟ್ಟಾಗಿ ಆಯುಧ ತರುವುದಕ್ಕೆ ಅದರಲ್ಲಿ ಆಧಾರವಿಲ್ಲ.

ಮಸೀದಿ ಅಥವಾ ಮಾರುಕಟ್ಟೆಯಲ್ಲಿ ಬಾಣದೊಂದಿಗೆ ಹಾದುಹೋಗುವವನು ಯಾರಿಗೂ ಗಾಯವಾಗದಂತೆ ಅದರ ಮೊನೆಯನ್ನು ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ)ರು ಆಜ್ಞಾಪಿಸಿದ್ದಾರೆ. ಸಹೋದರನತ್ತ ಆಯುಧ ತೋರಿಸುವುದನ್ನೇ ಅವರು ನಿಷೇಧಿಸಿದರು. ಬಿಲ್ವಿದ್ಯೆ ಕಲಿತು ಅದನ್ನು ಕೈಬಿಟ್ಟವನನ್ನು ಅವರು ಎಚ್ಚರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಆಯುಧ ಹಿಡಿಯುವವನಿಗೆ ಅಭ್ಯಾಸವು ಕರ್ತವ್ಯ ಎಂಬುದಕ್ಕೆ ಇನ್ನೇನು ಬೇಕು? ಮಿನಾದಲ್ಲಿ ಜನಜಂಗುಳಿಯ ನಡುವೆ ಈಟಿಯ ಮೊನೆ ತಗುಲಿ ಹಝ್ರತ್ ಇಬ್ನು ಉಮರ್(ರ)ರ ಪಾದಕ್ಕೆ ಗಾಯವಾಯಿತು. ವಿಚಾರಿಸಲು ಬಂದ ಹಜ್ಜಾಜನಿಗೆ ಅವರು, ಆಯುಧ ಧರಿಸಬಾರದ ದಿನದಲ್ಲಿ ಅದಕ್ಕೆ ಅವಕಾಶ ಕೊಟ್ಟ ನೀನೇ ಇದಕ್ಕೆ ಹೊಣೆ ಎಂದು ನೇರವಾಗಿ ಹೇಳಿದರು. ಈ ಘಟನೆ ಸಹೀಹ್ ಬುಖಾರಿಯಲ್ಲಿದೆ. ಹೊಣೆ ಆಯುಧ ಹಿಡಿದವನದ್ದು ಮಾತ್ರವಲ್ಲ, ಅದನ್ನು ಒಳಗೆ ಬಿಟ್ಟ ಆಡಳಿತದ್ದೂ ಹೌದು.

‘ಹಾಗಾದರೆ ಕೈಕಟ್ಟಿ ಕುಳಿತು ಸಾಯಬೇಕೇ?’ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಒಂಟೆಯನ್ನು ಕಟ್ಟಿಹಾಕಿದ ಬಳಿಕ ತವಕ್ಕುಲ್ ಮಾಡಲು ಕಲಿಸಿದ ಧರ್ಮ ನಮ್ಮದು. 2019ರ ಆಗಸ್ಟ್ 10ರಂದು ನಾರ್ವೆಯ ಬೇರಮ್‌ನಲ್ಲಿ ಶಸ್ತ್ರಧಾರಿಯೊಬ್ಬ ಮಸೀದಿಗೆ ನುಗ್ಗಿದಾಗ, 65 ವರ್ಷದ ಮುಹಮ್ಮದ್ ರಫೀಕ್ ಬರಿಗೈಯಲ್ಲೇ ಅವನನ್ನು ನೆಲಕ್ಕೆ ಕೆಡವಿ ಹಿಡಿದರು. ಅವರು ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿ. ಅವರ ಬಳಿ ಬಂದೂಕಿರಲಿಲ್ಲ, ಶಿಸ್ತಿತ್ತು. ಟೆಲಿಕೊ ಪ್ಲೇನ್ಸ್‌ನಲ್ಲಿ ಬಂದೂಕಿತ್ತು, ಶಿಸ್ತಿರಲಿಲ್ಲ. ಇವೆರಡರಲ್ಲಿ ಆರಾಧಕರಿಗೆ ಯಾವುದು ಹಿತ ಎಂಬುದನ್ನು ಬುದ್ಧಿಯುಳ್ಳವರು ನಿರ್ಧರಿಸಲಿ.

ಆದ್ದರಿಂದ ಆಯುಧಕ್ಕೆ ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ವಾಸಿಸುವ ನಮ್ಮ ಸಹೋದರರಿಗೆ ನಾವು ಹೇಳುವುದಿಷ್ಟೆ. ಮಸೀದಿಯ ರಕ್ಷಣೆ ಜಮಾಅತಿನ ಸಮಾಲೋಚನೆಯಿಂದ ನಡೆಯಲಿ. ಆಯುಧ ಅನಿವಾರ್ಯವೆಂದು ಕಂಡರೆ ಕೆಲವೇ ಮಂದಿಯನ್ನು ನೇಮಿಸಿರಿ. ಅವರು ಯಾರೆಂಬುದು ಆಡಳಿತ ಸಮಿತಿಗೂ ಪೊಲೀಸರಿಗೂ ತಿಳಿದಿರಲಿ. ಅವರ ಅಭ್ಯಾಸ ಎಂದೂ ನಿಲ್ಲದಿರಲಿ. ಅಷ್ಟು ಸಮಯ ಕೊಡಲಾಗದವನು ತನ್ನ ಬಂದೂಕನ್ನು ಮನೆಯಲ್ಲಿ ಬೀಗ ಹಾಕಿಟ್ಟು ನಮಾಝ್‌ಗೆ ಬರಲಿ. ಉಳಿದವರು ಬಾಗಿಲ ಕಾವಲನ್ನು, ಜನರನ್ನು ಹೊರಗೊಯ್ಯುವ ದಾರಿಯನ್ನು, ರಕ್ತಸ್ರಾವ ತಡೆಯುವ ಪ್ರಥಮ ಚಿಕಿತ್ಸೆಯನ್ನು ಕಲಿಯಲಿ. ಗುಂಡು ಹಾರಿಸಬಲ್ಲವನಿಗಿಂತ ಗಾಯ ಕಟ್ಟಬಲ್ಲವನೇ ಹೆಚ್ಚು ಜೀವ ಉಳಿಸುವ ಸಂದರ್ಭಗಳುಂಟು.

ಸರಕಾರಗಳೂ ತಮ್ಮ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಸದರ್‌ಲ್ಯಾಂಡ್ ಸ್ಪ್ರಿಂಗ್ಸ್‌ನ ಕೊಲೆಗಾರನು ಕುಟುಂಬ ಹಿಂಸೆಗಾಗಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದವನು. ಅಮೆರಿಕದ ವಾಯುಪಡೆ ಆ ಮಾಹಿತಿಯನ್ನು ದಾಖಲೆಗೆ ಸೇರಿಸದ ಕಾರಣ ಅವನಿಗೆ ಅಂಗಡಿಯಲ್ಲಿ ಬಂದೂಕು ದೊರೆಯಿತು. ಅಧಿಕಾರಿಗಳು ತಮ್ಮ ಕೆಲಸ ಮಾಡದಿದ್ದಾಗ, ಪ್ರಾರ್ಥನೆಗೆ ಬಂದ ಅಜ್ಜನ ಕೈಗೆ ಪಿಸ್ತೂಲು ಕೊಡುವುದು ನ್ಯಾಯವಲ್ಲ.

ಒಂದು ಜೀವವನ್ನು ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ನಂಬುವವರು ನಾವು. ಆ ನಂಬಿಕೆಗೆ ತಕ್ಕ ಎಚ್ಚರವನ್ನೂ ಅಲ್ಲಾಹನು ನಮಗೆ ಕರುಣಿಸಲಿ, ಎಲ್ಲ ಆರಾಧನಾಲಯಗಳನ್ನೂ ಅಲ್ಲಿ ಸೇರುವವರನ್ನೂ ಕಾಪಾಡಲಿ. ಆಮೀನ್.