ಗಾಲ್ಫ್‌ಗೂ ಇದೆ ಬೆಸ್ಟ್ ಆಫ್ ಇಂಟರ್ನಲ್ಸ್

ಹಾಸ್ಟೆಲ್‌ನಲ್ಲಿ ಗಾಲ್ಫ್ ಅಂದ್ರೆ ಬರೋ ಮೊದಲ ಮಾತು, "ಅದು ದುಡ್ಡಿರೋರ ಆಟ ಮಗಾ". ಒಪ್ಕೊಂಡೆ. ನಾನು ಆಡೋದೂ ಸೋದರಮಾವನ ಪುಣ್ಯದಿಂದಲೇ. ಅವರ ಹಳೇ ಕಿಟ್, ಅವರ ಭಾನುವಾರ.

ಆ ಭಾನುವಾರವನ್ನೇ ನಾನು ಹಾಳು ಮಾಡ್ತಿದ್ದೆ. ಒಂದು ಬಾಲ್ ನೀರಿಗೆ ಬಿದ್ದರೆ ಮುಂದಿನ ಮೂರು ಹೋಲ್ ಮುಖ ಊದಿಸ್ಕೊಂಡು ನಡೆಯೋದು. ಹೋದ ಸೆಮ್‌ನಲ್ಲಿ ಒಮ್ಮೆ ಕ್ಲಬ್ಬನ್ನು ನೆಲಕ್ಕೆ ಕುಕ್ಕಿಬಿಟ್ಟೆ. ಮಾವ ಬೈಲಿಲ್ಲ. ಆದರೆ ಮುಂದಿನ ಎರಡು ವಾರ ನನ್ನನ್ನು ಕರೆಯಲೇ ಇಲ್ಲ. ಬೈದಿದ್ದರೇ ವಾಸಿ ಇತ್ತು.

ಆ ಎರಡು ವಾರ ಕೂತು ಯೋಚಿಸಿದಾಗ ಗೊತ್ತಾಗಿದ್ದು: ತಪ್ಪಿದ್ದು ನನ್ನ ಸ್ವಿಂಗ್ ಮಾತ್ರ ಅಲ್ಲ, ಲೆಕ್ಕ. ಪ್ರಾಕ್ಟೀಸ್‌ನಲ್ಲಿ 50 ಬಾಲ್ ಹೊಡೆದರೆ ನಾಲ್ಕು ಸೂಪರ್ ಆಗಿ ಹಾರುತ್ತವೆ. ಆ ನಾಲ್ಕೇ ನಿಜವಾದ ನಾನು, ಮಿಕ್ಕ 46 ಆಕಸ್ಮಿಕ ಅಂತ ನಂಬಿದ್ದೆ. ಫಿಸಿಕ್ಸ್ ಲ್ಯಾಬ್‌ನಲ್ಲಿ ಹೀಗೆ ರೀಡಿಂಗ್ ಬರೆದರೆ ರೆಕಾರ್ಡ್ ವಾಪಸ್ ಮುಖಕ್ಕೇ ಬರುತ್ತೆ.

ತಮಾಷೆ ಅಂದ್ರೆ, ಗಾಲ್ಫ್‌ನ ನಿಯಮಗಳಿಗೆ ಇದು ಮೊದಲೇ ಗೊತ್ತಿದೆ. ಹ್ಯಾಂಡಿಕ್ಯಾಪ್ ಹಾಕೋದು ಇತ್ತೀಚಿನ 20 ಸುತ್ತುಗಳಲ್ಲಿ ಅತ್ಯುತ್ತಮ 8ರ ಸರಾಸರಿಯಿಂದ. ಮೂರು ಇಂಟರ್ನಲ್ಸ್‌ನಲ್ಲಿ ಬೆಸ್ಟ್ ಎರಡು ತಗೊಂಡ ಹಾಗೆ. ಅಂದ್ರೆ ಆ ಸಂಖ್ಯೆ ನಿಮ್ಮ ಸರಾಸರಿ ಅಲ್ಲ, ನಿಮ್ಮ ಒಳ್ಳೇ ದಿನ. ಹೆಚ್ಚಿನ ದಿನ ಅದಕ್ಕಿಂತ ಕೆಟ್ಟದಾಗೇ ಆಡ್ತೀರಿ. ಇನ್ನೊಂದು ವಿಷಯ: 18 ಹ್ಯಾಂಡಿಕ್ಯಾಪ್ ಇರೋರು ಪಾರ್ 4 ಹೋಲ್‌ನಲ್ಲಿ 11 ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ 7 ಮಾತ್ರ. ಒಂದು ಹೋಲ್‌ನ ಅನಾಹುತವೇ ನಿಮ್ಮ ಆಟ ಅಲ್ಲ ಅಂತ ರೂಲ್ ಬುಕ್ಕೇ ಒಪ್ಪುತ್ತೆ, ನಾವು ಒಪ್ಪಲ್ಲ!

ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರೇ ಎಂಟು ಅಡಿ ದೂರದ ಪಟ್‌ಗಳಲ್ಲಿ ಹಾಕೋದು ಸುಮಾರು ಅರ್ಧ. ಅದೇ ದೂರದಿಂದ ಮಿಸ್ ಮಾಡಿ ನಾನು ಸಿಟ್ಟಾಗೋದು ಶ್ರದ್ಧೆ ಅಲ್ಲ, ಕೊಬ್ಬು.

2021ರ ಟೋಕಿಯೊ ಒಲಿಂಪಿಕ್ಸ್ ನೆನಪಿದೆಯಲ್ಲ? ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೆ ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ನಾಲ್ಕು ದಿನಕ್ಕೆ 269 ಹೊಡೆತ. ಅದರಲ್ಲಿ "ಆ ಒಂದು" ಯಾವುದು ಅಂತ ಬೆರಳು ತೋರಿಸ್ತೀರಿ?

"ಸ್ಕೋರ್ ಬಿಡು, ಎಂಜಾಯ್ ಮಾಡು" ಅನ್ನೋ ಉಪದೇಶ ನನಗೆ ಆಗಿಬರಲ್ಲ. ಸ್ಕೋರ್ ಇಲ್ಲದಿದ್ದರೆ ಅದು ಬರೀ ವಾಕಿಂಗ್. ಸಿಟ್ಟೂ ಬರಲಿ, ಪರವಾಗಿಲ್ಲ. ನಾನು ಮಾಡ್ಕೊಂಡ ನಿಯಮ ಇಷ್ಟೇ: ಕ್ಲಬ್ ವಾಪಸ್ ಬ್ಯಾಗ್‌ಗೆ ಹೋಗುವಷ್ಟರಲ್ಲಿ ಸಿಟ್ಟು ಮುಗಿದಿರಬೇಕು. ಮೂರರಲ್ಲಿ ಎರಡು ಸಲ ಆಗುತ್ತೆ.

ಹೋದ ಭಾನುವಾರ ಒಂದು ಹೋಲ್‌ನಲ್ಲಿ ನಿಜಕ್ಕೂ 11 ಹೊಡೆದೆ. ಕಾರ್ಡ್‌ನಲ್ಲಿ ಹನ್ನೊಂದು ಅಂತಾನೇ ಬರೆದೆ. ಮಾವ ಇಣುಕಿ ನೋಡಿ ನಕ್ಕರು. "ಮುಂದಿನ ವಾರ ಬೆಳಿಗ್ಗೆ ಆರಕ್ಕೇ ಬಾ, ಬಿಸಿಲು ಜಾಸ್ತಿ" ಅಂದ್ರು.